ಬಾರ್‌ಕೋಡ್ ಓದದಿದ್ದರೆ ಸ್ಕ್ಯಾನರಿಗೆ ಬೈಯಬೇಡಿ

ಮಾನ್ಯ ಸಂಪಾದಕರಿಗೆ,

ಕಾಸರಗೋಡಿನ ವಾಚನಾಲಯ, ಶಾಲೆ, ಸಹಕಾರಿ ಸಂಘಗಳಿಗೆ ಕನ್ನಡ–ಮಲಯಾಳ ಎರಡೂ ಲಿಪಿಯ ಚೀಟಿ, ರಶೀದಿಗಳನ್ನು ಪಿಡಿಎಫ್ ಆಗಿ ತಯಾರಿಸಿಕೊಡುವ ತಂತ್ರಾಂಶ ಬರೆಯುವವರು ನಮ್ಮ ಊರುಗಳಲ್ಲೇ ಇದ್ದಾರೆ. ಚೀಟಿಯ ಬಾರ್‌ಕೋಡ್ ಓದದಿದ್ದಾಗ ಮೊದಲು ಬೈಗುಳ ತಿನ್ನುವುದು ಸ್ಕ್ಯಾನರ್, ಆಮೇಲೆ ಪ್ರಿಂಟರ್. ಹೆಚ್ಚಿನ ಸಲ ತಪ್ಪು ಅವೆರಡರದ್ದೂ ಅಲ್ಲ, ಪಿಡಿಎಫ್ ತಯಾರಾಗುವಾಗಲೇ ಆಗಿಹೋಗಿರುತ್ತದೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಕಡತಗಳನ್ನು ಕಂಡ ಕನ್ನಡಿಗರಿಗೆ ಈ ತೊಂದರೆ ಹೊಸದಲ್ಲ. ಯೂನಿಕೋಡ್ ಅಲ್ಲದ ಆ ಕಡತವನ್ನು ಅದರ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಬಾರ್‌ಕೋಡ್ ಫಾಂಟೂ ಅದೇ ಜಾತಿಯದು: ಒಳಗೆ ಸಾದಾ ಅಂಕಿ–ಅಕ್ಷರ, ಮೇಲೆ ಗೆರೆಯ ವೇಷ. ಫಾಂಟ್ ಸಿಗದಿದ್ದರೆ ವೇಷ ಕಳಚಿ, ಗೆರೆಯಿರಬೇಕಾದಲ್ಲಿ ನಕ್ಷತ್ರ ಚಿಹ್ನೆಗಳ ನಡುವೆ ಒಂದು ಸಂಖ್ಯೆ ಬಂದು ಕೂರುತ್ತದೆ.

ಎಲ್ಲಿ ಕಳಚಿತು ಎಂದು ತಿಳಿಯುವುದು ಸುಲಭ. ಸರ್ವರಿನಲ್ಲಿ ತಯಾರಾದ ಪಿಡಿಎಫ್ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕೆಟ್ಟಿದ್ದರೆ ಹೆಚ್ಚಾಗಿ ಸರ್ವರಿನಲ್ಲೇ ಫಾಂಟ್ ಇಲ್ಲ. ಲಿನಕ್ಸ್ ಆದರೆ 'ಎಫ್‌ಸಿ-ಲಿಸ್ಟ್' (fc-list) ಆಜ್ಞೆಯಲ್ಲಿ ಫಾಂಟಿನ ಹೆಸರು ಹುಡುಕಿ. ತಯಾರಿಸಿದವರಲ್ಲಿ ಸರಿಯಿದ್ದು ಉಳಿದವರಲ್ಲಿ ಕೆಟ್ಟರೆ ಫಾಂಟನ್ನು ಕಡತದೊಳಗೆ ಸೇರಿಸಿಲ್ಲ ಎಂದರ್ಥ. 'ಪಿಡಿಎಫ್‌ಫಾಂಟ್ಸ್' (pdffonts) ಆಜ್ಞೆ ಕೊಟ್ಟು 'ಎಂಬ್' (emb) ಎಂಬ ಕಾಲಂ ನೋಡಿ, ಬಾರ್‌ಕೋಡ್ ಫಾಂಟಿನ ಎದುರು 'ಯೆಸ್' ಇರಲೇಬೇಕು. ವೆಬ್ ಪುಟವನ್ನು ಪಿಡಿಎಫ್ ಮಾಡುವವರಿಗೆ ಮೂರನೆಯ ಕಾಟವೊಂದಿದೆ: ಫಾಂಟ್ ಇಳಿದು ಮುಗಿಯುವ ಮೊದಲೇ ಪುಟ ಅಚ್ಚಾಗಿಬಿಡುತ್ತದೆ. ಹಾಗಾಗಿ ಒಮ್ಮೆ ಸರಿ, ಒಮ್ಮೆ ತಪ್ಪು.

ಗೆರೆ ಬಂದೂ ಸ್ಕ್ಯಾನರ್ ಓದದಿರುವುದು ಇದಕ್ಕಿಂತ ಜಿಗುಟು ಸಮಸ್ಯೆ. ಬಾರ್‌ಕೋಡಿನ ಬಗೆಗಳಲ್ಲಿ ಒಂದಾದ ಕೋಡ್ 39 ಆದರೆ ಎರಡೂ ತುದಿಗೆ ನಕ್ಷತ್ರ ಚಿಹ್ನೆ ಹಾಕಿದ್ದೀರಾ, ಅಕ್ಷರಗಳೆಲ್ಲ ದೊಡ್ಡಕ್ಷರಗಳೇ ಎಂದು ನೋಡಿದರೆ ಹೆಚ್ಚುಕಡಿಮೆ ಮುಗಿಯಿತು. ಇನ್ನೊಂದು ಬಗೆಯಾದ ಕೋಡ್ 128 ಹಾಗಲ್ಲ. ಅಲ್ಲಿ ಫಾಂಟ್ ಹಚ್ಚಿದ ಮಾತ್ರಕ್ಕೆ ಬಾರ್‌ಕೋಡ್ ಆಗುವುದಿಲ್ಲ, ಓದಿದ್ದು ಸರಿಯೇ ಎಂದು ಸ್ಕ್ಯಾನರ್ ತಾಳೆನೋಡುವ ತಪಾಸಣಾ ಸಂಖ್ಯೆಯನ್ನು ನಾವೇ ಲೆಕ್ಕಹಾಕಬೇಕು. ಕಾಸರಗೋಡಿನ ಪಿನ್ 671121 ಅನ್ನೇ ತೆಗೆದುಕೊಳ್ಳಿ. ಸಿ ಸೆಟ್‌ನಲ್ಲಿ (ಎರಡೆರಡು ಅಂಕಿಗೆ ಒಂದು ಚಿಹ್ನೆಯ ವಿಧಾನ) ಇದು 67, 11, 21 ಎಂದು ಜೋಡಿಯಾಗುತ್ತದೆ. ಆರಂಭದ ಚಿಹ್ನೆಯ ಬೆಲೆ 105. ಅದಕ್ಕೆ 67×1, 11×2, 21×3 ಕೂಡಿಸಿದರೆ 257. 103ರಿಂದ ಭಾಗಿಸಿದರೆ ಶೇಷ 51. ಈ 51, ಕೊನೆಗೆ ಮುಕ್ತಾಯದ 106 ಸೇರಿದರೆ ಮಾತ್ರ ಸ್ಕ್ಯಾನರ್ ಬಾಯಿಬಿಡುತ್ತದೆ.

ಬಹಳ ಮಂದಿ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಹಲವು ಫಾಂಟುಗಳಲ್ಲಿ ಬೆಲೆ 95ಕ್ಕಿಂತ ಕಡಿಮೆಯಿದ್ದರೆ 32, ಇಲ್ಲವಾದರೆ 100 ಕೂಡಿಸಿ ಅಕ್ಷರಸಂಕೇತ (ಕಂಪ್ಯೂಟರ್ ಅಕ್ಷರಕ್ಕೆ ಕೊಡುವ ಸಂಖ್ಯೆ) ಪಡೆಯುತ್ತಾರೆ. ಆಗ ಆರಂಭ 205, ಮುಕ್ತಾಯ 206. ಇವು 127ನ್ನು ದಾಟಿದವು. ಯೂನಿಕೋಡ್ ಪಠ್ಯ ಉಳಿಸುವ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಒಂದೊಂದೂ ಎರಡು ಬೈಟ್. ಪಿಡಿಎಫ್ ತಯಾರಿಸುವ ಲೈಬ್ರರಿ (ಸಿದ್ಧ ತಂತ್ರಾಂಶದ ಸಂಗ್ರಹ) ಅದನ್ನು ಬೇರೆ ಎನ್‌ಕೋಡಿಂಗ್‌ನಲ್ಲಿ ಓದಿದರೆ ಒಂದು ಅಕ್ಷರ ಎರಡಾಗಿ ಆರಂಭದ ಗೆರೆಯೇ ಮಾಯ. ಐಟೆಕ್ಸ್ಟ್ ಎಂಬ ಲೈಬ್ರರಿ ಬಳಸುವವರು ಐಡೆಂಟಿಟಿ-ಎಚ್ (Identity-H) ಎನ್‌ಕೋಡಿಂಗ್ ಕೊಡುವುದು ಅದಕ್ಕೇ. ಇನ್ನು ಈ ಲೆಕ್ಕದಲ್ಲಿ 06 ಎಂಬ ಜೋಡಿ & ಚಿಹ್ನೆಯಾಗುತ್ತದೆ, 28 ಎಂಬುದು <, 00 ಖಾಲಿ ಜಾಗ. & ಮತ್ತು < ಚಿಹ್ನೆಗಳನ್ನು ವೆಬ್ ಪುಟದ ಭಾಷೆಯಾದ ಎಚ್‌ಟಿಎಂಎಲ್ ಅಕ್ಷರವೆಂದಲ್ಲ, ಆಜ್ಞೆಯೆಂದು ಓದುತ್ತದೆ; ಅಲ್ಲಿ ಅವನ್ನು &, < ಎಂದು ಬರೆಯಬೇಕು. ಎರಡು ಖಾಲಿ ಜಾಗ ಅಕ್ಕಪಕ್ಕ ಬಂದರೆ ಬ್ರೌಸರ್ ಒಂದನ್ನು ನುಂಗುತ್ತದೆ. ನೂರು ಚೀಟಿಯಲ್ಲಿ ನಾಲ್ಕೈದು ಮಾತ್ರ ಓದುತ್ತಿಲ್ಲ ಎಂದರೆ ಶಾಯಿ ಬದಲಿಸುವ ಮೊದಲು ಆ ಸಂಖ್ಯೆಗಳಲ್ಲಿ ಈ ಜೋಡಿಗಳಿವೆಯೇ ನೋಡಿ.

ಅಳತೆಯದೂ ಒಂದು ಮಾತು. 203 ಡಿಪಿಐ (ಇಂಚಿಗೆ 203 ಚುಕ್ಕೆ) ಥರ್ಮಲ್ ಪ್ರಿಂಟರಿನ ಒಂದು ಚುಕ್ಕೆ 0.125 ಮಿಮೀ. ಅತಿ ಸಪೂರ ಗೆರೆ 0.25 ಅಥವಾ 0.375 ಮಿಮೀ ಇರಲಿ. 0.3 ಎಂದರೆ ಎರಡೂವರೆ ಚುಕ್ಕೆಯ ಹತ್ತಿರ. ಒಂದು ಗೆರೆ ಎರಡು ಚುಕ್ಕೆಯಾದರೆ ಪಕ್ಕದ್ದು ಮೂರಾಗುತ್ತದೆ. ಎಷ್ಟು ಎಚ್ಚರದಿಂದ ಅಳೆದರೂ ಪ್ರಿಂಟ್ ಕೊಡುವಾಗ 'ಫಿಟ್' ಒತ್ತಿದರೆ ಲೆಕ್ಕ ಕೆಟ್ಟಿತು, 'ಆಕ್ಚುವಲ್ ಸೈಜ್' ಆರಿಸಬೇಕು. ಎರಡೂ ಬದಿಗೆ ಸಪೂರ ಗೆರೆಯ ಹತ್ತರಷ್ಟು ಬಿಳಿ ಜಾಗ ಬಿಡಿ. ಚೌಕಟ್ಟಿನ ಚೆಂದಕ್ಕಾಗಿ ಅದನ್ನು ಕತ್ತರಿಸಬೇಡಿ.

ನಮ್ಮನ್ನು ಕೇಳಿದರೆ ಫಾಂಟಿನ ಸಹವಾಸವೇ ಬೇಡ. ಐಟೆಕ್ಸ್ಟ್, ಟಿಸಿಪಿಡಿಎಫ್, ರಿಪೋರ್ಟ್‌ಲ್ಯಾಬ್ ಎಂಬ ಮೂರು ಲೈಬ್ರರಿಗಳಲ್ಲೂ ಗೆರೆಗಳನ್ನು ನೇರವಾಗಿ ಎಳೆಯುವ ವ್ಯವಸ್ಥೆಯಿದೆ, ಕೋಡ್ 128ರ ತಪಾಸಣಾ ಸಂಖ್ಯೆಯನ್ನೂ ಅವೇ ಹಾಕಿಕೊಳ್ಳುತ್ತವೆ. ಕನ್ನಡ ಅಂಕಿಗಳನ್ನು ಚೀಟಿಯಲ್ಲಿ ತೋರಿಸಬೇಕೆಂಬ ಆಸೆ ನಮಗೂ ಇದೆ, ಆದರೆ ಅವು ಗೆರೆಯ ಕೆಳಗಿನ ಸಾಲಿನಲ್ಲಿರಲಿ. ಬಾರ್‌ಕೋಡಿಗೆ ಕೊಡುವುದು 0ಯಿಂದ 9ರ ಅಂಕಿಗಳೇ ಆಗಬೇಕು. ಅದೇ ಚೀಟಿಯಲ್ಲಿ ಪುಸ್ತಕದ ಹೆಸರಿನ ಒತ್ತಕ್ಷರ ಒಡೆದು ಬಂದರೆ ಅದು ಬೇರೆ ರೋಗ, ಬಾರ್‌ಕೋಡಿಗೂ ಅದಕ್ಕೂ ಸಂಬಂಧವಿಲ್ಲ.

ಚೀಟಿ ಪರೀಕ್ಷಿಸುವಾಗ ಸ್ಕ್ಯಾನ್ ಮಾಡಿದ್ದು ನೋಟ್‌ಪ್ಯಾಡಿಗೆ ಬರಲಿ. ಎಕ್ಸೆಲ್‌ನಲ್ಲಿ ಪರೀಕ್ಷಿಸಿದರೆ 000123 ಎಂಬುದು 123 ಆಗಿ ಕಾಣುತ್ತದೆ, ನೀವು ಇಲ್ಲದ ತಪ್ಪನ್ನು ಬಾರ್‌ಕೋಡಿನಲ್ಲಿ ಹುಡುಕುತ್ತಾ ಕೂರುತ್ತೀರಿ.

— ಇಬ್ಬರು ಓದುಗರು, ಬದಿಯಡ್ಕ