ಆ ಹಳೆಯ ಕಾಮಿಕ್ಸ್ ಕಟ್ಟನ್ನು ರದ್ದಿಗೆ ಹಾಕಬೇಡ

ಪ್ರೀತಿಯ ಗೆಳೆಯ,

ಮ್ಯಾಂಚೆಸ್ಟರ್‌ನ ನಿನ್ನ ಪಕ್ಕದ ಮನೆಯವರು ಊರು ಬಿಡುವಾಗ ಮಗನಿಗೆಂದು ಕೊಟ್ಟುಹೋದ ‘ಟ್ರಾನ್ಸ್‌ಫಾರ್ಮರ್ಸ್’ ಕಾಮಿಕ್ಸ್ ಕಟ್ಟಿನ ಫೋಟೋ ನೋಡಿದೆ. ಆಟಿಕೆ ಮಾರುವ ಜಾಹೀರಾತಲ್ಲವೇ, ರದ್ದಿಗೆ ಹಾಕಲೇ ಎಂದು ಕೇಳಿದ್ದೀಯ. ದಯವಿಟ್ಟು ಹಾಕಬೇಡ. ಮೊದಲು ನೀನು ಓದು, ಆಮೇಲೆ ಮಗನಿಗೆ ಕೊಡು.

ಜಾಹೀರಾತು ಎಂಬ ಮಾತೇನೋ ನಿಜ. ಜಪಾನಿನ ಟಕಾರಾ ಕಂಪನಿ ತಯಾರಿಸಿದ್ದ ಆಟಿಕೆಗಳನ್ನು ಹೊಸ ಹೆಸರಿನಲ್ಲಿ ಮಾರಲು ಹೊರಟ ಅಮೆರಿಕದ ಹ್ಯಾಸ್ಬ್ರೋ, ಅವುಗಳಿಗೊಂದು ಕಥೆ ಬೇಕೆಂದು ಕಾಮಿಕ್ಸ್ ಪ್ರಕಾಶಕರಾದ ಮಾರ್ವೆಲ್‌ನ ಬಾಗಿಲು ತಟ್ಟಿತು. ಲಾರಿ, ಕಾರು, ವಿಮಾನಗಳಾಗಿ ವೇಷ ಮರೆಸುವ ಆ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಹೆಸರಿಟ್ಟು, ಒಂದೊಂದಕ್ಕೂ ಒಂದೊಂದು ಸ್ವಭಾವ ಕೊಟ್ಟವರು ಬಾಬ್ ಬುಡಿಯಾನ್ಸ್ಕಿ. ನಾಲ್ಕೇ ಸಂಚಿಕೆಗೆ ಮುಗಿಯಬೇಕೆಂದು 1984ರಲ್ಲಿ ಶುರುವಾದ ಅಮೆರಿಕದ ಮಾಲಿಕೆ 1991ರವರೆಗೆ 80 ಸಂಚಿಕೆ ಓಡಿತು. ಅಂಗಡಿಗೆ ಹೊಸ ಆಟಿಕೆ ಬಂದಂತೆಲ್ಲ ಕಥೆಗೂ ಹೊಸ ಪಾತ್ರ ಬರಬೇಕು, ಹಳೆಯವರು ಜಾಗ ಬಿಡಬೇಕು. ಇಂಥ ಒತ್ತಡದಲ್ಲಿ ಬರೆಯುವವನು ಸುಮ್ಮನೆ ಪುಟ ತುಂಬಿಸಿ ಕೈ ತೊಳೆದುಕೊಂಡಿದ್ದರೂ ಯಾರೂ ಕೇಳುತ್ತಿರಲಿಲ್ಲ. ಬುಡಿಯಾನ್ಸ್ಕಿ ಹಾಗೆ ಮಾಡಲಿಲ್ಲ ಎಂಬುದೇ ನನಗೆ ದೊಡ್ಡ ಸಂಗತಿ.

ಅಮೆರಿಕದ 24ನೇ ಸಂಚಿಕೆಯ ಕಥೆಯನ್ನೇ ನೋಡು. ಸಜ್ಜನ ಪಡೆಯ ನಾಯಕ ಆಪ್ಟಿಮಸ್ ಪ್ರೈಮ್ ಮತ್ತು ಅವನ ವೈರಿ ಮೆಗಾಟ್ರಾನ್ ತಮ್ಮ ಜಗಳವನ್ನು ಒಂದು ವಿಡಿಯೋ ಗೇಮ್ ಒಳಗೆ ತೀರಿಸಿಕೊಳ್ಳಲು ಒಪ್ಪುತ್ತಾರೆ. ಸೋತವನು ನಾಶವಾಗಬೇಕೆಂಬುದು ಕರಾರು. ಪ್ರೈಮ್ ಗೆಲ್ಲುತ್ತಾನೆ. ಆದರೆ ಗೆಲ್ಲುವ ಭರದಲ್ಲಿ ಆಟದೊಳಗಿನ ಕೆಲವು ನಿರಪರಾಧಿ ಜೀವಿಗಳು ಸಾಯುತ್ತವೆ. ಅವು ಪರದೆಯ ಮೇಲಿನ ಬರಿಯ ಚಿತ್ರಗಳೆಂದು ಉಳಿದವರಿಗೆಲ್ಲ ಅನಿಸಿದರೂ ಅವನಿಗೆ ಅನಿಸುವುದಿಲ್ಲ. ತಾನೇ ಸೋತೆನೆಂದು ಹೇಳಿ, ಕರಾರಿನಂತೆ ತನ್ನನ್ನು ನಾಶಮಾಡಿಸಿಕೊಳ್ಳುತ್ತಾನೆ. ಕೊನೆಗೆ ಅವನ ಮನಸ್ಸು ಉಳಿಯುವುದು ಒಂದು ಫ್ಲಾಪಿ ಡಿಸ್ಕಿನಲ್ಲಿ. ಆಟಿಕೆ ಅಂಗಡಿಯ ಗಿರಾಕಿಯಾದ ಎಂಟು ವರ್ಷದ ಮಗುವಿನ ಮುಂದೆ ಇಂಥ ಧರ್ಮಸಂಕಟವನ್ನು ಇಡಲು ಎಂಥ ಧೈರ್ಯ ಬೇಕು! ಈ ಕಥೆಯನ್ನು ನಗೆಪಾಟಲು ಮಾಡುವವರಿದ್ದಾರೆ. ನಾನು ಆ ಗುಂಪಿಗೆ ಸೇರುವುದಿಲ್ಲ.

ನಿನ್ನ ಬಳಿ ಇರುವುದು ಬ್ರಿಟನ್ನಿನ ಆವೃತ್ತಿ. ನನ್ನ ಮಟ್ಟಿಗೆ ಅದೇ ಹೆಚ್ಚು ಸೊಗಸು. ಅಲ್ಲಿ ಪತ್ರಿಕೆ ಮೊದಲು ಎರಡು ವಾರಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ಬರುತ್ತಿತ್ತು. ಅಮೆರಿಕದ ಮಾಸಿಕದ ಸರಕು ಸಾಲುತ್ತಿರಲಿಲ್ಲ. ಆ ಕೊರತೆ ತುಂಬಲು ಬ್ರಿಟಿಷ್ ಲೇಖಕರೇ ಕಥೆ ಹೆಣೆದರು. 9ರಿಂದ 12ರವರೆಗಿನ ಸಂಚಿಕೆಗಳಿದ್ದರೆ ಸ್ಟೀವ್ ಪಾರ್ಕ್‌ಹೌಸ್ ಬರೆದ, ಜಾನ್ ರಿಡ್ಜ್‌ವೇ ಮತ್ತು ಮೈಕ್ ಕಾಲಿನ್ಸ್ ಚಿತ್ರಿಸಿದ ಕಥೆ ಸಿಗುತ್ತದೆ. ಒಂದು ಹಳೆಯ ಕೋಟೆ, ಶತಮಾನಗಳ ಹಿಂದೆ ಅಲ್ಲಿ ಕಾಣಿಸಿಕೊಂಡ ಕಬ್ಬಿಣದ ಮನುಷ್ಯನ ಐತಿಹ್ಯ, ಒಬ್ಬ ಹುಡುಗ. ರಿಡ್ಜ್‌ವೇ ಅವರ ಸಣ್ಣ ಸಣ್ಣ ಗೆರೆಗಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡು: ಮರಗಳಿಗೂ ಕಲ್ಲಿಗೂ ಕೊಟ್ಟಷ್ಟೇ ಶ್ರದ್ಧೆಯನ್ನು ಅವರು ಲೋಹಕ್ಕೂ ಕೊಟ್ಟಿದ್ದಾರೆ.

ನಂತರ ಚುಕ್ಕಾಣಿ ಹಿಡಿದವರು ಸೈಮನ್ ಫರ್ಮನ್. 1986ರಲ್ಲಿ 78ರಿಂದ 88ನೇ ಸಂಚಿಕೆಯವರೆಗೆ ಹಬ್ಬಿದ ಕಥೆಯಲ್ಲಿ, ಮೆಗಾಟ್ರಾನ್‌ನ ಮುಂದಿನ ಅವತಾರವಾದ ಗ್ಯಾಲ್ವಟ್ರಾನ್ ಇಪ್ಪತ್ತು ವರ್ಷ ಮುಂದಿನ ಕಾಲದಿಂದ ಹಿಂದಕ್ಕೆ ಬಂದು ದಾಂಧಲೆ ಎಬ್ಬಿಸುತ್ತಾನೆ. ವಾರವಾರವೂ ಓದುಗರನ್ನು ತುದಿಗಾಲಲ್ಲಿ ನಿಲ್ಲಿಸುವ ಕಲೆ ಫರ್ಮನ್‌ಗೆ ಸಿದ್ಧಿಸಿತ್ತು. ಮುಂದೆ ಅಮೆರಿಕದ ಮಾಲಿಕೆಯನ್ನೂ 56ನೇ ಸಂಚಿಕೆಯಿಂದ ಅವರ ಕೈಗೇ ಒಪ್ಪಿಸಿದರು. ಬ್ರಿಟನ್ನಿನ ಪತ್ರಿಕೆ 332 ಸಂಚಿಕೆ ಕಂಡು 1992ರ ಜನವರಿಯಲ್ಲಿ ನಿಂತಿತು.

ಓದುಗರ ಪತ್ರಗಳ ಪುಟವನ್ನೂ ಬಿಡಬೇಡ. ಮಕ್ಕಳ ಪತ್ರಗಳಿಗೆ ಉತ್ತರಿಸುವವರು ಕಥೆಯ ರೋಬೋಗಳೇ! ಡೈನೋಸಾರ್ ರೂಪ ತಾಳುವ ಗ್ರಿಮ್ಲಾಕ್‌ನ ಮೊಂಡು ಉತ್ತರಗಳು ನನಗೆ ಬಹಳ ಇಷ್ಟ.

ಕಾಗದ ಹಳದಿಯಾಗಿದೆ ಎಂದು ಬರೆದಿದ್ದೀಯ. ಅಗ್ಗದ ಕಾಗದದಲ್ಲಿರುವ ಆಮ್ಲದ ಕೆಲಸ ಅದು. ಬೆಳಕು, ತೇವ ಸೇರಿದರೆ ಇನ್ನೂ ಬೇಗ ಹಾಳಾಗುತ್ತದೆ. ಹರಿದ ಕಡೆ ಸೆಲ್ಲೋಟೇಪ್ ಹಚ್ಚಬೇಡ, ಅಂಟು ಕಲೆ ಉಳಿಸುತ್ತದೆ. ಒಂದೊಂದನ್ನೂ ಪಾಲಿಪ್ರೊಪಿಲೀನ್ ಚೀಲಕ್ಕೆ ಹಾಕಿ, ಹಿಂದೆ ಆಮ್ಲರಹಿತ ರಟ್ಟು ಕೊಟ್ಟು, ನಿಲ್ಲಿಸಿ ಇಡು. ಸ್ಟೇಪಲ್ ಪಿನ್ ತುಕ್ಕು ಹಿಡಿದಿದ್ದರೆ ನೀನೇ ಕೀಳಲು ಹೋಗಬೇಡ.

ಕಟ್ಟು ಬಿಚ್ಚಿದಾಗ 113ನೇ ಸಂಚಿಕೆ ಇದೆಯೇ ನೋಡು. ಡೆತ್ಸ್ ಹೆಡ್ ಎಂಬ ಬಾಡಿಗೆ ಬೇಟೆಗಾರ ಕಥೆಗೆ ಕಾಲಿಡುವುದು ಅದರಲ್ಲೇ. ಇದ್ದರೆ ಅವತ್ತೇ ಬರೆದು ತಿಳಿಸು.

ನಿನ್ನ ಗೆಳೆಯ