ಹವಳ ಎಣಿಸುವ ಮೊದಲು

ವಾಸ್ಕೋ, ಗೋವಾ

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ಗ್ರಾಂಡೆ ದ್ವೀಪದ ಫೋಟೋಗಳಲ್ಲಿ ಹವಳ ಎಷ್ಟಿದೆ ಎಂದು ತಾನೇ ಗುರುತಿಸಲು ಯಾವ ಕಂಪ್ಯೂಟರ್ ಮಾಡೆಲ್ ಒಳ್ಳೆಯದು ಎಂದು ಕೇಳಿದ್ದೀಯ. ಅದು ಆಮೇಲಿನ ಮಾತು. ಈ ಕೆಲಸ ಕೆಡುವುದು ಹೆಚ್ಚಾಗಿ ನೀರಿನೊಳಗೇ.

ಪಿವಿಸಿ ಪೈಪಿನಲ್ಲಿ 50 ಸೆಂ.ಮೀ. ಚೌಕಟ್ಟು ಮಾಡಿಸು. ಕ್ಯಾಮೆರಾ ಸದಾ ಒಂದೇ ಎತ್ತರದಲ್ಲಿ ನಿಲ್ಲಲು ನಾಲ್ಕು ಕಾಲು ಇರಲಿ. ಪೈಪಿಗೆ ತೂತು ಕೊರೆಯದಿದ್ದರೆ ಒಳಗಿನ ಗಾಳಿಗೆ ತೇಲುತ್ತದೆ. ಒಂದು ಬದಿ ಫೋಟೋದಲ್ಲಿ 2500 ಪಿಕ್ಸೆಲ್ ಬಂದರೆ ಒಂದು ಪಿಕ್ಸೆಲ್‌ಗೆ 0.2 ಮಿ.ಮೀ.; ಆಗ, ಕೆಳಗೇನಿದೆ ಎಂದು ಗುರುತಿಸಲು ಫೋಟೋ ಮೇಲೆ ಹಾಕುವ ಪ್ರತಿ ಬಿಂದುವಿನ ಸುತ್ತ ಮಾಡೆಲ್‌ಗಾಗಿ ಕತ್ತರಿಸಿದ 224 ಪಿಕ್ಸೆಲ್ ತುಂಡು ಸುಮಾರು 4.5 ಸೆಂ.ಮೀ. ಅಗಲ ಇರುತ್ತದೆ. ಕ್ಯಾಮೆರಾದ ಎತ್ತರ ಬದಲಾದರೆ ಅದೇ ಪೊರೈಟಿಸ್ (ಗುಡ್ಡೆಯಂತೆ ಬೆಳೆಯುವ ಹವಳ) ಮಾಡೆಲ್‌ಗೆ ಬೇರೆ ಜೀವಿಯಂತೆ ಕಂಡೀತು. ಕಾಲುಗಳನ್ನು ಮಾತ್ರ ಜೀವಂತ ಹವಳದ ಮೇಲೆ ಊರಬೇಡ, ಮಗಳೇ. ಪೊರೈಟಿಸ್ ಗುಡ್ಡೆ ಬೆಳೆಯುವುದು ವರ್ಷಕ್ಕೆ ಸುಮಾರು 1 ಸೆಂ.ಮೀ.

ಕೆಂಪು ಬೆಳಕನ್ನು ನೀರು ಮೊದಲ ಕೆಲವು ಮೀಟರಿನಲ್ಲೇ ಹೀರಿಬಿಡುತ್ತದೆ. ಆಳ ಬದಲಾದಾಗಲೆಲ್ಲ ಆಮೇಲೆ ಬಣ್ಣ ಸರಿಪಡಿಸಲು ಬೂದು ಫಲಕದ ಒಂದು ಫೋಟೋ ತೆಗೆ, ಎಲ್ಲವನ್ನೂ ರಾ ಕಡತದಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲೇ) ಉಳಿಸು. ಸ್ಟ್ರೋಬ್‌ಗಳನ್ನು, ಅಂದರೆ ನೀರೊಳಗಿನ ಫ್ಲ್ಯಾಶ್‌ಗಳನ್ನು, ಲೆನ್ಸಿನಿಂದ ದೂರ ಚಾಚು, ಇಲ್ಲದಿದ್ದರೆ ತೇಲುವ ಕಣಗಳೆಲ್ಲ ಹೊಳೆಯುತ್ತವೆ. ಸೆಳೆತಕ್ಕೆ ಎದುರಾಗಿ ಈಜು, ಎಬ್ಬಿಸಿದ ಕೆಸರು ಹಿಂದಕ್ಕೆ ಹೋಗುತ್ತದೆ. ಬೆಳಕು ಹೆಚ್ಚಾಗಿ ಬಿಳಿಯಾದ ಜಾಗವನ್ನು ಬಿಳಿಚಿದ ಹವಳದಿಂದ ಬೇರ್ಪಡಿಸಲು ಆಮೇಲೆ ಯಾರಿಂದಲೂ ಆಗದು.

ಒಂದು ಫೋಟೋಗೆ 25ರಿಂದ 50 ಬಿಂದು ಸಾಕು. ಹವಳ ಶೇ. 5 ಇದ್ದರೆ 50 ಬಿಂದುಗಳಲ್ಲಿ ಅದರ ಮೇಲೆ ಬೀಳುವುದು ಸರಾಸರಿ ಎರಡೂವರೆ. ಹಾಗಾಗಿ ಬಿಂದು ಹೆಚ್ಚಿಸುವ ಬದಲು ಫೋಟೋ ಹೆಚ್ಚಿಸು. ಗುರುತು ಹಚ್ಚುವಾಗ ಸತ್ತ ಹವಳದ ಮೇಲಿನ ಪಾಚಿ, ಅದರ ಮೇಲೆ ಕೂತ ಕೆಸರು, ಇವೆರಡೇ ಹೆಚ್ಚು ಗೊಂದಲ ಕೊಡುವುದು. ‘ಗುರುತಿಸಲಾಗದು’ ಎಂಬ ವರ್ಗವೂ ಇರಲಿ. ಕೆಲವು ಫೋಟೋಗಳಿಗೆ ನೀನೂ ನಿನ್ನ ಜೊತೆಗಾತಿಯೂ ಒಬ್ಬರದನ್ನೊಬ್ಬರು ನೋಡದೆ ಗುರುತು ಹಚ್ಚಿ ಹೋಲಿಸಿ. ನಿಮ್ಮಿಬ್ಬರಿಗೇ ಒಮ್ಮತವಿಲ್ಲದ ಕಡೆ ಯಂತ್ರ ಏನು ಕಲಿತೀತು?

ಮಾಡೆಲ್ ಪರೀಕ್ಷಿಸಲು ಫೋಟೋಗಳನ್ನು ಕಲಸಿ ಹಂಚಬೇಡ. ಒಂದಕ್ಕೊಂದು ತಾಗಿದ ಎರಡು ಫೋಟೋಗಳಲ್ಲಿ ಒಂದು ಕಲಿಕೆಗೆ, ಇನ್ನೊಂದು ಪರೀಕ್ಷೆಗೆ ಹೋದರೆ ಅದು ಉತ್ತರ ನೋಡಿಕೊಂಡು ಬರೆದ ಪರೀಕ್ಷೆ. ಇಡೀ ಟ್ರಾನ್ಸೆಕ್ಟನ್ನೇ, ಅಂದರೆ ಒಂದೇ ಗೆರೆಯುದ್ದಕ್ಕೂ ತೆಗೆದ ಫೋಟೋಗಳನ್ನೆಲ್ಲ, ಪರೀಕ್ಷೆಗೆ ಎತ್ತಿಡು. ಒಟ್ಟು ನಿಖರತೆಯನ್ನೂ ನಂಬಬೇಡ: ಶೇ. 80 ಬಿಂದುಗಳು ಪಾಚಿಯಾಗಿದ್ದರೆ, ಕಂಡದ್ದನ್ನೆಲ್ಲ ಪಾಚಿ ಎನ್ನುವ ಮಾಡೆಲ್‌ಗೂ ಶೇ. 80 ಅಂಕ ಸಿಗುತ್ತದೆ. ಯಾವ ವರ್ಗ ಯಾವುದಾಗಿ ತಪ್ಪಿದೆ ಎಂಬ ಕೋಷ್ಟಕ ಕಳಿಸು, ಜೊತೆಗೆ ಬೂದು ಫಲಕದ ಫೋಟೋಗಳನ್ನೂ.

ನಿನ್ನ ದೊಡ್ಡಪ್ಪ