ಕೆಂಗೇರಿ ಉಪನಗರದ ಭಾನುವಾರಕ್ಕೆ ಒಂದು ಬಸ್ಸು ಬೇಕು

ಮಾನ್ಯ ಸಂಪಾದಕರೇ,

ಬೆಂಗಳೂರಿನ ತಿಂಡಿ-ತಿರುಗಾಟಗಳ ಕುರಿತು ವಾರಾಂತ್ಯದ ಪುರವಣಿಗಳಲ್ಲಿ ಬರುವ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ಗಾಂಧಿಬಜಾರು, ಮಲ್ಲೇಶ್ವರ, ವಿ.ವಿ. ಪುರದ ತಿಂಡಿ ಬೀದಿ, ಲಾಲ್‌ಬಾಗ್, ಕಬ್ಬನ್ ಪಾರ್ಕುಗಳ ಹೆಸರು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಜಾಗಗಳ ಮೇಲೆ ನನಗೂ ಪ್ರೀತಿಯಿದೆ. ಆದರೆ ಮೈಸೂರು ರಸ್ತೆಯ ಈ ತುದಿಯಲ್ಲಿ, ಹೆಸರಿನಲ್ಲೇ ಉಪನಗರವೆಂದು ಬರೆಸಿಕೊಂಡಿರುವ ಕೆಂಗೇರಿ ಉಪನಗರದಲ್ಲಿ ವಾಸವಿರುವ ನಮ್ಮಂಥ ಕುಟುಂಬಗಳು ರಜೆಯ ದಿನ ಎಲ್ಲಿ ಉಣ್ಣುತ್ತವೆ, ಎಲ್ಲಿಗೆ ಹೋಗುತ್ತವೆ, ಹೋಗಬೇಕೆಂದುಕೊಂಡೂ ಏಕೆ ಮನೆಯಲ್ಲೇ ಉಳಿದುಬಿಡುತ್ತವೆ ಎಂಬುದರ ಬಗ್ಗೆ ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಮಗ ಕುಂಬಳಗೋಡಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ, ಸೊಸೆ ಮನೆಯಲ್ಲೇ ಬಟ್ಟೆ ಹೊಲಿದು ಕೊಡುತ್ತಾಳೆ. ಏಳನೇ ತರಗತಿಯ ಮೊಮ್ಮಗಳು, ಎರಡನೇ ತರಗತಿಯ ಮೊಮ್ಮಗ ಇದ್ದಾರೆ. ಐವರಿಗೂ ಒಟ್ಟಿಗೆ ಬಿಡುವು ಸಿಗುವುದು ತಿಂಗಳಿಗೆ ಎರಡು ಭಾನುವಾರ ಮಾತ್ರ. ಆ ದಿನಕ್ಕೆಂದು ನಾವು ತೆಗೆದಿಡಬಹುದಾದ ಹಣ ಹೆಚ್ಚೆಂದರೆ ಆರುನೂರು ರೂಪಾಯಿ. ಇಷ್ಟರಲ್ಲಿ ಮಾಲ್‌ಗೆ ಹೋಗಿ ಸಿನಿಮಾ ನೋಡುವುದು ಆಗದ ಮಾತು. ಟಿಕೆಟ್ ದರ 200 ರೂಪಾಯಿ ಮೀರಬಾರದೆಂದು ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ತಂದಾಗ ನಮ್ಮ ಮನೆಯಲ್ಲಿ ಒಂದು ವಾರ ಸಂಭ್ರಮವಿತ್ತು; ಅದೇ ತಿಂಗಳಲ್ಲಿ ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ಆ ನಿಯಮ ಉಳಿದಿದ್ದರೂ ಐದು ಟಿಕೆಟ್‌ಗೆ ಸಾವಿರ ರೂಪಾಯಿಯವರೆಗೂ ಆಗುತ್ತಿತ್ತು ಎಂಬುದು ಬೇರೆ ಮಾತು.

ಅದೇ ಆರುನೂರು ರೂಪಾಯಿಗೆ ನಮ್ಮ ಬಡಾವಣೆಯಲ್ಲಿ ಎಷ್ಟು ಸಿಗುತ್ತದೆ ಎಂಬುದನ್ನು ಓದುಗರ ಗಮನಕ್ಕೆ ತರಬೇಕೆನಿಸುತ್ತದೆ. ನಮ್ಮ ಮನೆಯಿಂದ ಮೂರು ಅಡ್ಡರಸ್ತೆ ದಾಟಿದರೆ ಗಂಡ-ಹೆಂಡತಿ ಇಬ್ಬರೇ ನಡೆಸುವ ಪುಟ್ಟದೊಂದು ಹೋಟೆಲಿದೆ. ಬಿಡದಿ ನಮಗೆ ರೈಲಿನಲ್ಲಿ ಎರಡೇ ನಿಲ್ದಾಣ ದೂರವಾದ್ದರಿಂದಲೋ ಏನೋ, ತಟ್ಟೆ ಇಡ್ಲಿ ಇಲ್ಲಿ ಮನೆಮಾತು. ಆಕೆ ಹಬೆಪಾತ್ರೆಯ ಮುಚ್ಚಳ ಸರಿಸಿ, ಸರಳಿಗೆ ಪೋಣಿಸಿದಂತೆ ಒಂದರ ಮೇಲೊಂದು ಕೂತ ತಟ್ಟೆಗಳನ್ನು ಸೆರಗಿನ ತುದಿಯಲ್ಲಿ ಹಿಡಿದು ಎತ್ತಿ, ಕಲ್ಲಿನ ಮೇಲೆ ಆರಲು ಬಿಟ್ಟು, ಅಂಚನ್ನು ಚಮಚದ ಹಿಂಬದಿಯಿಂದ ಬಿಡಿಸಿ, ಮುತ್ತುಗದ ಎಲೆಯ ಮೇಲೆ ಇಳಿಸುತ್ತಾರೆ. ಮೇಲಿಟ್ಟ ಬೆಣ್ಣೆ ಕರಗಿ ಇಡ್ಲಿಯ ರಂಧ್ರಗಳಿಗೆ ಇಳಿಯುವವರೆಗೂ ನನ್ನ ಮೊಮ್ಮಗ ಕೈ ಹಾಕುವುದಿಲ್ಲ. ಕೊತ್ತಂಬರಿ ಸೊಪ್ಪು ಜಾಸ್ತಿ ಹಾಕಿದ ಹಸಿರು ಚಟ್ನಿ ಮೂರನೇ ಬಾರಿ ಕೇಳಿದರೂ ಮುಖ ಸಿಂಡರಿಸದೆ ಬಡಿಸುತ್ತಾರೆ. ಐವರಿಗೂ ಇಡ್ಲಿ, ಒಂದೆರಡು ಉದ್ದಿನವಡೆ, ಮಕ್ಕಳಿಗೆ ಒಂದು ಕೇಸರಿಬಾತ್, ನಮಗೆ ಬೈ ಟೂ ಕಾಫಿ ಸೇರಿಸಿದರೂ ಬಿಲ್ಲು ಮುನ್ನೂರು ದಾಟಿದ್ದು ನನಗೆ ನೆನಪಿಲ್ಲ. ಸಂಜೆಗೆ ಅಯ್ಯಂಗಾರ್ ಬೇಕರಿಯ ಖಾರ ಬನ್ನು, ಬಸ್ ನಿಲ್ದಾಣದ ಬಳಿಯ ತಳ್ಳುಗಾಡಿಯ ಚುರುಮುರಿ ಇದ್ದೇ ಇವೆ. ಮಧ್ಯಾಹ್ನ ಮುದ್ದೆ, ಬಸ್ಸಾರು ಬೇಕೆಂದರೆ ಮೈಸೂರು ರಸ್ತೆಯಲ್ಲಿ ಲಾರಿ ಚಾಲಕರೂ ಕಾರ್ಖಾನೆಯ ಕಾರ್ಮಿಕರೂ ಉಣ್ಣುವ ಮೆಸ್ಸುಗಳಿವೆ.

ಇಂಥ ಹೋಟೆಲುಗಳು ಅಗ್ಗವಾಗಿರುವುದು ತಾನಾಗಿ ಅಲ್ಲ. 1983ರಲ್ಲಿ ಜಯನಗರದಲ್ಲಿ ಶುರುವಾದ ಕೆಫೆ ದರ್ಶಿನಿಯಿಂದ ಬೆಂಗಳೂರಿನಲ್ಲಿ ಬೇರುಬಿಟ್ಟ ಪದ್ಧತಿಯೇ ಅದು: ಮೊದಲೇ ಟೋಕನ್, ನಿಂತು ತಿನ್ನುವುದು, ಸಪ್ಲೈಯರ್ ಇಲ್ಲ, ಕಣ್ಣೆದುರೇ ಅಡುಗೆ, ಬೇಗ ಜಾಗ ಖಾಲಿ. ಸಣ್ಣ ಲಾಭಕ್ಕೆ ಹೆಚ್ಚು ಗಿರಾಕಿ ಎಂಬ ಲೆಕ್ಕಾಚಾರದ ಮೇಲೆ ನಿಂತ ಈ ವ್ಯಾಪಾರಕ್ಕೆ ಈಗ ನಾಲ್ಕು ಕಡೆಯಿಂದಲೂ ಒತ್ತಡವಿದೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಕಾಫಿ ಪುಡಿಯ ಬೆಲೆ ಅದಕ್ಕಿಂತ ಮೊದಲೇ ಏರುತ್ತಾ ಬಂದಿತ್ತು. ಅದೇ ವರ್ಷದ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದಾಗ, ನಗರದ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಕಿತ್ತು ‘ನಗದು ಮಾತ್ರ’ ಎಂದು ಬರೆದು ಅಂಟಿಸಿದರು. ಸೇವೆ ಒದಗಿಸುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ. ದಿನಕ್ಕೆ ಹಂಚಿದರೆ ಸುಮಾರು ಐದೂವರೆ ಸಾವಿರ. ದಿನವೊಂದಕ್ಕೆ ಇನ್ನೂರು ಮಂದಿಗೆ ತಿಂಡಿ ಕೊಡುವವರು ಈ ಗೆರೆಯನ್ನು ಸುಲಭವಾಗಿ ದಾಟುತ್ತಾರೆ. ಅವರ ಕೈಯಲ್ಲಿ ಉಳಿಯುವ ಹಣ ಮಾತ್ರ ಅದರಲ್ಲಿ ಚಿಕ್ಕ ಪಾಲು. ತೆರಿಗೆ ಕಟ್ಟಬಾರದೆಂದು ನಾನು ಹೇಳುತ್ತಿಲ್ಲ. ಲೆಕ್ಕ ಬರೆಯಲು ಬಾರದವರಿಗೆ ನೋಟಿಸಿಗಿಂತ ಮೊದಲು ಕನ್ನಡದಲ್ಲಿ ತಿಳಿಹೇಳುವ ಒಬ್ಬ ಅಧಿಕಾರಿ ಬಡಾವಣೆಗೆ ಬರಲಿ ಎಂದಷ್ಟೇ ನನ್ನ ಕೋರಿಕೆ.

ಎಲ್ಲಕ್ಕಿಂತ ದೊಡ್ಡ ಹೊರೆ ಬಾಡಿಗೆ. ನಮ್ಮ ಬೀದಿಯ ಕೊನೆಯಲ್ಲಿ ವಿಧವೆಯೊಬ್ಬರು ಒಂಬತ್ತು ವರ್ಷ ನಡೆಸಿದ ಮೆಸ್ಸು ಹೋದ ವರ್ಷ ಮುಚ್ಚಿತು. ಮಾಲೀಕರು ಅಡ್ವಾನ್ಸನ್ನು ಎರಡು ಪಟ್ಟು ಕೇಳಿದರು, ಆಕೆಯಿಂದ ಆಗಲಿಲ್ಲ. ಅಲ್ಲಿ ಊಟ ಮಾಡುತ್ತಿದ್ದ ಪೇಯಿಂಗ್ ಗೆಸ್ಟ್ ಹುಡುಗರು ಈಗ ಮೊಬೈಲಿನಲ್ಲಿ ತರಿಸಿಕೊಂಡು, ಊಟದ ಜೊತೆಗೆ ಸಾಗಣೆಗೂ ಹಣ ತೆರುತ್ತಾರೆ. ಬೀದಿಬದಿಯ ಗಾಡಿಯವರ ಪಾಡು ಇನ್ನೂ ಅನಿಶ್ಚಿತ. ಬೀದಿ ವ್ಯಾಪಾರಿಗಳಿಗೆ ಸಮೀಕ್ಷೆ ನಡೆಸಿ, ಪ್ರಮಾಣಪತ್ರ ಕೊಟ್ಟು, ವ್ಯಾಪಾರದ ವಲಯ ಗುರುತಿಸಬೇಕೆಂದು 2014ರ ಕೇಂದ್ರ ಕಾಯ್ದೆ ಹೇಳುತ್ತದೆ. ಆದರೂ ನಾನು ಕಂಡ ಚುರುಮುರಿ ಗಾಡಿ ಎರಡು ವರ್ಷದಲ್ಲಿ ನಾಲ್ಕು ಕಡೆ ಜಾಗ ಬದಲಿಸಿದೆ. ನೀರಿನ ನಲ್ಲಿ, ಕಸದ ಡಬ್ಬಿ, ಒಂದು ದೀಪವಿರುವ ನಿಗದಿತ ಜಾಗ ಸಿಕ್ಕರೆ ಅವರಿಗೂ ನೆಮ್ಮದಿ, ತೊಳೆದ ಕೈಯಲ್ಲಿ ಮಾಡಿದ್ದನ್ನು ತಿನ್ನುವ ನಮಗೂ ನೆಮ್ಮದಿ. ಹೋಟೆಲಿನವರಲ್ಲೂ ಒಂದು ವಿನಂತಿಯಿದೆ: ನಿಂತು ತಿನ್ನುವ ಪದ್ಧತಿ ಇರಲಿ, ಆದರೆ ಮಂಡಿನೋವಿನ ನಮ್ಮಂಥವರಿಗಾಗಿ ಗೋಡೆಗೆ ಒತ್ತಿದಂತೆ ಎರಡು ಸ್ಟೂಲು ಹಾಕಿಸಿ.

ಇನ್ನು ತಿರುಗಾಟದ ಮಾತು. ಸುತ್ತಲೂ ಇರುವ ಜಾಗಗಳನ್ನು ಎಣಿಸಿದರೆ ನಾವು ಬಡವರಲ್ಲ. ಮಲ್ಲತ್ತಹಳ್ಳಿಯಲ್ಲಿ ಕಲಾಗ್ರಾಮವಿದೆ; ನಾಟಕ, ಗಾಯನ, ಚಿತ್ರಕಲೆಗಳ ಜೊತೆಗೆ ಜಿ.ಎಸ್. ಶಿವರುದ್ರಪ್ಪ, ಯು.ಆರ್. ಅನಂತಮೂರ್ತಿ, ಸಿದ್ದಲಿಂಗಯ್ಯ ಅವರ ಅಂತ್ಯಸಂಸ್ಕಾರ ನಡೆದ ನೆಲವದು. ಅದರ ಪಕ್ಕದಲ್ಲೇ ಬೆಂಗಳೂರು ವಿಶ್ವವಿದ್ಯಾಲಯದ, ಸಾವಿರ ಎಕರೆಗೂ ಮೀರಿದ ಜ್ಞಾನಭಾರತಿ ಆವರಣದ ಹಸಿರು. ಇತ್ತ ಉತ್ತರಹಳ್ಳಿ ರಸ್ತೆಯ ಕಡೆಗೆ ಹೊರಳಿದರೆ ದ್ವಾದಶ ಜ್ಯೋತಿರ್ಲಿಂಗಗಳ ಓಂಕಾರೇಶ್ವರ ಗುಡ್ಡ, ಅಲ್ಲಿನ ದೊಡ್ಡ ಗಡಿಯಾರ. ಅತ್ತ ಕುಂಬಳಗೋಡು ದಾಟಿ ರಾಮೋಹಳ್ಳಿಯ ಕಡೆ ತಿರುಗಿದರೆ ಕೇತೋಹಳ್ಳಿಯ ದೊಡ್ಡ ಆಲದ ಮರ. ಸುಮಾರು ನಾನೂರು ವರ್ಷದ, ಮೂರು ಎಕರೆಯಷ್ಟು ಹಬ್ಬಿದ ಆ ಮರದ ಒಂದು ಭಾಗ 2024ರ ಜೂನ್ ಮಳೆಗೆ ಉರುಳಿದಾಗ ನನ್ನ ಮೊಮ್ಮಗಳು ಪತ್ರಿಕೆಯ ಚಿತ್ರ ಕತ್ತರಿಸಿ ನೋಟ್‌ಬುಕ್ಕಿನಲ್ಲಿ ಅಂಟಿಸಿಟ್ಟಳು. ಕೆಂಗೇರಿಯಿಂದ ಪ್ಯಾಸೆಂಜರ್ ರೈಲು ಹತ್ತಿದರೆ ರಾಮನಗರ. ಅಲ್ಲಿಂದ ಸ್ವಲ್ಪ ಮುಂದೆ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ. ಪ್ಯಾಸೆಂಜರ್ ರೈಲಿನ ಕನಿಷ್ಠ ಪ್ರಯಾಣ ದರ 2024ರಲ್ಲಿ ಮತ್ತೆ 10 ರೂಪಾಯಿಗೆ ಇಳಿದದ್ದು ನಮ್ಮಂಥವರಿಗೆ ಸಿಕ್ಕ ನಿಜವಾದ ಉಪಕಾರ.

ಇವುಗಳಲ್ಲಿ ಯಾವುದೂ ನಮ್ಮ ಜೇಬಿಗೆ ಭಾರವಲ್ಲ. ನಮ್ಮನ್ನು ಮನೆಯಲ್ಲಿ ಕೂರಿಸುವುದು ಕೊನೆಯ ಮೂರು ಕಿಲೊಮೀಟರ್. ಮೆಟ್ರೊ ನೇರಳೆ ಮಾರ್ಗ 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೆ ಬಂತು. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ ಮೇಲೆ ಕುಟುಂಬವೆಲ್ಲ ಮೆಟ್ರೊದಲ್ಲಿ ದೂರ ಹೋಗುವುದು ಕಡಿಮೆಯಾಯಿತಾದರೂ, ಹತ್ತಿರದ ನಿಲ್ದಾಣಗಳಿಗೆ ಅದು ಈಗಲೂ ನಮಗೆ ಎಟುಕುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲಂತೂ ಸಾಮಾನ್ಯ ಬಸ್ಸಿನಲ್ಲಿ ನನಗೆ, ಸೊಸೆಗೆ, ಮೊಮ್ಮಗಳಿಗೆ ಟಿಕೆಟ್ಟೇ ಇಲ್ಲ. ನಿಲ್ದಾಣದಿಂದ ಜಾಗಕ್ಕೆ ತಲುಪಿಸುವ ಬಸ್ಸು ಭಾನುವಾರ ಸಿಗದಿದ್ದರೆ ಉಚಿತ ಪ್ರಯಾಣ ಇದ್ದೂ ಇಲ್ಲದಂತೆ.

ಹೋದ ಜನವರಿಯ ಒಂದು ಭಾನುವಾರ ಮಕ್ಕಳಿಗೆ ನಾಟಕ ತೋರಿಸೋಣವೆಂದು ಕಲಾಗ್ರಾಮಕ್ಕೆ ಹೊರಟೆವು. ಜ್ಞಾನಭಾರತಿ ಮೆಟ್ರೊ ನಿಲ್ದಾಣದಲ್ಲಿ ಇಳಿದು ಮುಕ್ಕಾಲು ಗಂಟೆ ಕಾದರೂ ಬಸ್ಸು ಬರಲಿಲ್ಲ. ಆಟೊದವರು ಐದು ಮಂದಿಗೆ ಎರಡು ಆಟೊ ಬೇಕೆಂದು, ಒಂದೊಂದಕ್ಕೆ ನೂರೈವತ್ತು ಕೇಳಿದರು. ತಿಂಡಿಗೆ ಇಟ್ಟುಕೊಂಡ ಅಷ್ಟೂ ಹಣ ಅಲ್ಲೇ ಮುಗಿಯುತ್ತಿತ್ತು. ನಡೆದೆವು. ದಾರಿಯಲ್ಲಿ ಪಾದಚಾರಿ ಮಾರ್ಗ ಒಂದು ಕಡೆ ಇದ್ದು ಇನ್ನೊಂದು ಕಡೆ ಇರಲಿಲ್ಲ. ಇದ್ದಲ್ಲಿ ಚರಂಡಿಯ ಚಪ್ಪಡಿ ಬಿರುಕು ಬಿಟ್ಟಿತ್ತು. ಮೊಮ್ಮಗನ ಕಾಲು ಆ ಸಂದಿಗೆ ಜಾರಿ, ಕಾಲು ಹೊರಗೆ ಬಂತು, ಚಪ್ಪಲಿ ಒಳಗೇ ಉಳಿಯಿತು. ಅವನ ಅಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಉಳಿದ ದಾರಿ ನಡೆದ. ನಾವು ಸೇರುವ ಹೊತ್ತಿಗೆ ನಾಟಕ ಶುರುವಾಗಿ ಇಪ್ಪತ್ತು ನಿಮಿಷವಾಗಿತ್ತು. ಒಂದೇ ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಮಗು ಆಮೇಲೆ ಮನೆಯಲ್ಲಿ ಅದೇ ನಾಟಕವನ್ನು ಒಂದು ವಾರ ಆಡಿ ತೋರಿಸಿತು. ಅಷ್ಟು ಹಿಡಿಸಿತ್ತು. ಆದರೂ ಮತ್ತೆ ಹೋಗೋಣವೇ ಎಂದರೆ ಸೊಸೆ ಮೌನವಾಗುತ್ತಾಳೆ.

ಸೊಸೆಯ ಮೌನಕ್ಕೆ ಇನ್ನೊಂದು ಕಾರಣವೂ ಇದೆ, ಹೇಳಲು ಸಂಕೋಚಪಡಬಾರದು. ಹೊರಗೆ ಹೊರಡುವ ದಿನ ನಾನೂ ಅವಳೂ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ನಾವು ಸಾಮಾನ್ಯವಾಗಿ ಹೋಗುವ ಕೆರೆಯಂಗಳದ ಉದ್ಯಾನವೊಂದರಲ್ಲಿ ಶೌಚಾಲಯದ ಕಟ್ಟಡವಿದೆ, ಬಾಗಿಲಿಗೆ ಬೀಗವಿದೆ, ಬೀಗದ ಕೈ ಯಾರ ಬಳಿಯಿದೆಯೆಂದು ಕಾವಲುಗಾರನಿಗೂ ಗೊತ್ತಿಲ್ಲ. ಗಂಡಸರಿಗೆ ಇದು ಸಣ್ಣ ಕೊರತೆಯಾಗಿ ಕಾಣಬಹುದು. ಹೆಂಗಸರು, ಮಕ್ಕಳು, ಸಕ್ಕರೆ ಕಾಯಿಲೆಯ ಹಿರಿಯರು ಹೊರಗೆ ಬರಬೇಕೋ ಬೇಡವೋ ಎಂಬುದು ಆ ಬೀಗದಿಂದಲೇ ತೀರ್ಮಾನವಾಗುತ್ತದೆ.

ಸ್ಕೂಟರ್ ಇದ್ದವರ ದಾರಿಯೂ ಸಲೀಸಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೊಗಳಿಗೆ ಪ್ರವೇಶವಿಲ್ಲ. ಅಪಘಾತಗಳ ಹಿನ್ನೆಲೆಯಲ್ಲಿ ಆ ನಿರ್ಧಾರ ಸರಿಯೇ ಇರಬಹುದು. ಹಾಗಾದರೆ ನಮಗೆ ಉಳಿದಿರುವ ಸರ್ವಿಸ್ ರಸ್ತೆಗೆ ದೀಪ, ಸೂಚನಾ ಫಲಕ, ಹಂಪುಗಳಿಗೆ ಬಿಳಿ ಬಣ್ಣ ಹಾಕಿಸುವುದು ಅದೇ ನಿರ್ಧಾರದ ಉಳಿದರ್ಧ ಭಾಗವಾಗಬೇಕಿತ್ತು. ಬೈಪಾಸ್ ಬಂದ ಮೇಲೆ ಗಿರಾಕಿ ಕಳೆದುಕೊಂಡ ಬಿಡದಿ, ರಾಮನಗರಗಳ ಹಳೆಯ ಹೋಟೆಲುಗಳಿಗೂ ನಮ್ಮಂಥ ಭಾನುವಾರದ ಗಿರಾಕಿಗಳು ಸುರಕ್ಷಿತವಾಗಿ ತಲುಪಿದರೆ ಅನುಕೂಲವೇ.

ಹೀಗಾಗಿ ನನ್ನ ಮುಖ್ಯ ಮನವಿ ಬಿಎಂಟಿಸಿಗೆ. ವಾರಾಂತ್ಯದಲ್ಲಿ ಮೆಜೆಸ್ಟಿಕ್‌ನಿಂದ ದೇವಸ್ಥಾನಗಳಿಗೆ ‘ದಿವ್ಯ ದರ್ಶನ’ ಪ್ರವಾಸದ ಬಸ್ಸನ್ನು ಸಂಸ್ಥೆ 2025ರಲ್ಲಿ ಆರಂಭಿಸಿದೆ. ರಜೆಯ ದಿನದ ಓಡಾಟಕ್ಕೆ ಪ್ರತ್ಯೇಕ ಬಸ್ಸು ಬೇಕೆಂಬುದನ್ನು ಅದು ಒಪ್ಪಿದೆ ಎಂದೇ ನಾನು ತಿಳಿದಿದ್ದೇನೆ. ಅದೇ ಬಗೆಯಲ್ಲಿ, ಆದರೆ ಪ್ರವಾಸದ ದರವಿಲ್ಲದೆ, ಸಾಮಾನ್ಯ ಬಸ್ಸಾಗಿಯೇ, ಭಾನುವಾರ ಮತ್ತು ಸರ್ಕಾರಿ ರಜೆಯ ದಿನಗಳಲ್ಲಿ ಕೆಂಗೇರಿ ಬಸ್ ನಿಲ್ದಾಣದಿಂದ ಎರಡು ಸುತ್ತು ಮಾರ್ಗಗಳು ಬೇಕು. ಒಂದು ಬಸ್ಸು ಜ್ಞಾನಭಾರತಿ ಮೆಟ್ರೊ, ವಿಶ್ವವಿದ್ಯಾಲಯದ ಆವರಣ, ಕಲಾಗ್ರಾಮ ಸುತ್ತಿ ಮರಳಲಿ. ಇನ್ನೊಂದು ಕುಂಬಳಗೋಡು, ರಾಮೋಹಳ್ಳಿ ಮಾರ್ಗವಾಗಿ ದೊಡ್ಡ ಆಲದ ಮರಕ್ಕೆ ಹೋಗಿ ಬರಲಿ. ಗಂಟೆಗೊಂದು ಸಾಕು, ಆದರೆ ಹೇಳಿದ ಹೊತ್ತಿಗೆ ಬರಲಿ, ಮತ್ತು ಕಲಾಗ್ರಾಮದಲ್ಲಿ ಸಂಜೆಯ ನಾಟಕ ಮುಗಿದ ಮೇಲೆ ಒಂದು ಕೊನೆಯ ಬಸ್ಸು ಇರಲಿ. ಪಾಲಿಕೆಯವರು ಈ ಮಾರ್ಗದ ನಿಲ್ದಾಣಗಳಿಂದ ನೂರಿನ್ನೂರು ಮೀಟರಿನಷ್ಟಾದರೂ ಚಪ್ಪಡಿ ಸರಿಪಡಿಸಿ, ಉದ್ಯಾನಗಳ ಶೌಚಾಲಯದ ಕೀಲಿ ಹೊತ್ತಿರುವ ಒಬ್ಬರ ಹೆಸರು, ಫೋನ್ ಸಂಖ್ಯೆಯನ್ನು ಬಾಗಿಲ ಮೇಲೆ ಬರೆಸಲಿ.

ದಸರಾ ರಜೆಗೆ ಮೊದಲು ನಾಲ್ಕು ಭಾನುವಾರ ಪ್ರಾಯೋಗಿಕವಾಗಿ ಓಡಿಸಿ ನೋಡಲಿ. ಜನ ಹತ್ತದಿದ್ದರೆ ನಿಲ್ಲಿಸಿದರೂ ನಾನು ಮತ್ತೆ ಪತ್ರ ಬರೆಯುವುದಿಲ್ಲ. ಮೊದಲ ಭಾನುವಾರದ ಬಸ್ಸಿಗೆ ನಮ್ಮ ಮನೆಯ ಐವರು, ಪಕ್ಕದ ಮನೆಯ ನಾಲ್ವರು ತಟ್ಟೆ ಇಡ್ಲಿ ತಿಂದು ಎಂಟು ಗಂಟೆಗೆಲ್ಲ ನಿಲ್ದಾಣದಲ್ಲಿರುತ್ತೇವೆ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಕೆಂಗೇರಿ ಉಪನಗರ, ಬೆಂಗಳೂರು